ಬರ್ಲಿನ್ನಿನ ಅಡುಗೆಮನೆ

ಮಗಳ ಮನೆಯ ಫ್ರಿಜ್ಜಿನಲ್ಲಿ ಮೇಲಿಂದ ಎರಡನೇ ಖಾನೆ ನಮ್ಮದು. ಮೊದಲನೆಯದು ಪೋರ್ಚುಗಲ್ಲಿನಿಂದ ಓದಲು ಬಂದ ಹುಡುಗಿಯದು. ಕೆಳಗಿನ ಎರಡು, ಬವೇರಿಯಾ ಕಡೆಯ ಒಬ್ಬ ಹುಡುಗ ಮತ್ತು ಅವನ ಜೊತೆಗಾರನದು. ನಡುವೆ ಗಾಜಿನ ಹಲಗೆ, ಅದೇ ಗಡಿ. ಹೋಗಿ ಇಳಿದ ರಾತ್ರಿ ಬಾಗಿಲು ತೆಗೆದು ನೋಡಿದರೆ, ನನ್ನ ಮಾವಿನಮಿಡಿ ಉಪ್ಪಿನಕಾಯಿ ಬಾಟ್ಲಿ ಇಡಬೇಕಾದ ಜಾಗದ ನೆತ್ತಿಯ ಮೇಲೆ ಹಂದಿಮಾಂಸದ ಪೊಟ್ಟಣ. ಹಾಗೇ ಮುಚ್ಚಿದೆ. ಬಾಟ್ಲಿ ಮಗಳ ಕೋಣೆಯ ಕಿಟಕಿಯ ಕಟ್ಟೆ ಸೇರಿತು, ನಾನು ಹೊರಡುವ ತನಕ ಅಲ್ಲೇ ಇತ್ತು.

ಊರಿನಲ್ಲಿ ನನ್ನನ್ನು ಸುಧಾರಿಸಿದವಳು ಎಂದೇ ಆಡಿಕೊಳ್ಳುವುದು. ಕಾಲೇಜಿನ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದವಳು, ಸ್ಕೂಟಿ ಓಡಿಸುವವಳು, ಒಬ್ಬಳೇ ಮಗಳನ್ನು ಸಮುದ್ರ ದಾಟಿಸಿ ಓದಲು ಕಳಿಸಿದವಳು. ಶಿರಸಿಯಲ್ಲಿ ಇಷ್ಟು ಸಾಕು. ಬರ್ಲಿನ್ನಿನಲ್ಲಿ ಇಳಿದ ಮೇಲೆ ತಿಳಿಯಿತು, ನಾನು ಒಳ್ಳೇ ಗಟ್ಟಿ ಸಂಪ್ರದಾಯಸ್ಥೆ. ಮಡಿ-ಮೈಲಿಗೆಯೆಲ್ಲ ಅಜ್ಜಿಯ ಕಾಲಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಪರೀಕ್ಷೆ ಬಂದಿರಲಿಲ್ಲ, ಅಷ್ಟೆ.

ನಮ್ಮನೆಯವರು ಬರಲಿಲ್ಲ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಹೊತ್ತಿಗೆ ತೋಟದ ಯಜಮಾನ ಪರದೇಶದಲ್ಲಿದ್ದ ಎಂಬ ಮಾತು ನಮ್ಮ ಕಡೆ ಯಾರೂ ಕೇಳಿಲ್ಲ. ದಿನಾ ಫೋನಿನಲ್ಲಿ ಅವರದ್ದು ಒಂದೇ ಪ್ರಶ್ನೆ: "ಅಲ್ಲಿ ಮಳೆ ಇದ್ದಾ?" ಇಲ್ಲ ಎಂದರೆ ಆ ಊರಿನ ಬಗ್ಗೆ ಅವರಿಗೆ ಬೇರೇನೂ ಬೇಕಾಗಿರಲಿಲ್ಲ. ಅದೇ ಒಳ್ಳೆಯದಾಯಿತು. ಬೇರೆ ಕೇಳಿದ್ದರೆ ಹೇಳುವುದು ಕಷ್ಟವಿತ್ತು.

ಮನೆ ಇದ್ದದ್ದು ನೊಯ್‌ಕೋಲ್ನ್ ಎಂಬ ಬಡಾವಣೆಯಲ್ಲಿ, ಲಿಫ್ಟಿಲ್ಲದ ಹಳೇ ಕಟ್ಟಡದ ನಾಲ್ಕನೇ ಮಾಳಿಗೆ. ಪರಸ್ಪರ ಗುರುತಿಲ್ಲದ ನಾಲ್ಕು ಜನ ಒಂದು ಮನೆ ಹಿಡಿದು ಆಳಿಗೊಂದು ಕೋಣೆ ಹಂಚಿಕೊಂಡು ಇರುವುದು ಅಲ್ಲಿ ತೀರಾ ವಾಡಿಕೆ. ಗಂಡು ಹೆಣ್ಣು ಎಂಬ ಲೆಕ್ಕವಿಲ್ಲ. ಬಚ್ಚಲು ಒಂದೇ, ಅಡುಗೆಮನೆ ಒಂದೇ. ಗೋಡೆಯ ಮೇಲೆ ಯಾವ ವಾರ ಯಾರು ಕಕ್ಕಸು ತೊಳೆಯಬೇಕು, ಯಾರು ಕಸ ಇಳಿಸಬೇಕು ಎಂಬ ಪಾಳಿಪಟ್ಟಿ. ಆ ಬವೇರಿಯಾದ ಹುಡುಗ ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಒಲೆಯ ಸಂದಿಯನ್ನು ಉಜ್ಜುತ್ತಿದ್ದ ರೀತಿ ನೋಡಿ, ಇವನ ಮನೆಯಲ್ಲಿ ತಾಯಿ ಬಿಗಿ ಇದ್ದಾಳೆ ಎಂದುಕೊಂಡೆ. ಆ ಊಹೆ ತಪ್ಪಲಿಲ್ಲ. ಆಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ದಿನಗಳಲ್ಲಿ ನನಗೆ ಆದದ್ದು ಕಣ್ಣಿನ ತೊಂದರೆ. ಎಲ್ಲಿ ನೋಡಬೇಕು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಸುರಂಗ ರೈಲಿನಲ್ಲಿ ಎದುರಿಗೆ ಗಡ್ಡ ಬಿಟ್ಟ ಗಂಡಸು, ಮೈಮೇಲೆ ಹಸಿರು ಹೂವಿನ ಫ್ರಾಕು, ಕೈಯಲ್ಲಿ ಬಟಾಟೆ ಚೀಲ. "ಆಯಿ, ನೋಡಡ" ಎಂದು ಮಗಳು ಮೊಣಕೈಯಿಂದ ತಿವಿದಳು. ಗಂಡಸು ಸೀರೆ ಉಟ್ಟಿದ್ದನ್ನು ನಾನು ನೋಡದವಳಲ್ಲ. ಯಕ್ಷಗಾನದ ಸ್ತ್ರೀವೇಷ ನೋಡುತ್ತಾ ಬೆಳೆದವಳು. ದಾಕ್ಷಾಯಿಣಿ ಅತ್ತರೆ ನಾನೂ ಅತ್ತವಳು. ಆದರೆ ಅದು ರಂಗಸ್ಥಳ, ಬೆಳಗಾದರೆ ಬಣ್ಣ ತೊಳೆದು ವೇಷಧಾರಿ ಮನೆಗೆ ಹೋಗುತ್ತಾನೆ. ಇಲ್ಲಿ ಬೆಳಗಾಗಿತ್ತು, ಇವನು ಮನೆಗೇ ಹೊರಟಿದ್ದ. ಇಡೀ ಡಬ್ಬಿಯಲ್ಲಿ ಅವನನ್ನು ನೋಡುತ್ತಿದ್ದವಳು ನಾನೊಬ್ಬಳೇ. ನನ್ನ ಹದಿನಾರು ಮೊಳದಷ್ಟು ನೆರಿಗೆ, ಕರಿಮಣಿ, ಹಣೆಯ ಕುಂಕುಮ, ಕಾಲಿನ ಸಾಕ್ಸ್ ಮೇಲಿನ ಚಪ್ಪಲಿ, ಇವನ್ನೂ ಯಾರೂ ನೋಡುತ್ತಿರಲಿಲ್ಲ ಎಂಬುದು ತಲೆಗೆ ಹೋಗಲು ಕೆಲವು ದಿನ ಬೇಕಾಯಿತು.

ಟೀರ್‌ಗಾರ್ಟನ್ ಎಂಬ ಉದ್ಯಾನಕ್ಕೆ ಹೋದದ್ದು ಒಂದು ಸೆಕೆಯ ಮಧ್ಯಾಹ್ನ. ಊರ ನಡುವೆಯೇ ಕಾಡಿನಂಥ ಜಾಗ, ಹಿಂದೆ ರಾಜರ ಬೇಟೆಯ ವನವಾಗಿತ್ತಂತೆ. ಮರಗಳ ಸಾಲು ಮುಗಿದು ಹುಲ್ಲುಹಾಸು ಬಂತು. ಹುಲ್ಲಿನ ಮೇಲೆ ಟವೆಲ್ ಹಾಸಿಕೊಂಡು ಒಬ್ಬ ಮುದುಕ ಕೂತಿದ್ದ. ತಲೆಗೆ ಹುಲ್ಲಿನ ಟೊಪ್ಪಿ, ಮೂಗಿನ ಮೇಲೆ ಕನ್ನಡಕ, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು, ಕೈಯಲ್ಲಿ ಬಿಡಿಸಿದ ಪೇಪರು. ಮೈಮೇಲೆ ಇನ್ನೇನೂ ಇರಲಿಲ್ಲ. ಅವನು ಹಾಳೆ ಮಗುಚಿದ. ನಾನು ತಿರುಗಿ ಬಂದ ದಾರಿ ಹಿಡಿದೆ. ಮಗಳು ಹಿಂದೆ ಓಡಿ ಬಂದು, ಇದು ಇಲ್ಲಿ ಇಂದು ನಿನ್ನೆಯದಲ್ಲ, ಬಿಸಿಲು ಗಾಳಿಗೆ ಮೈ ಒಡ್ಡಬೇಕೆಂಬ ಚಳವಳಿ ಹತ್ತೊಂಬತ್ತನೇ ಶತಮಾನದ ಕೊನೆಗೇ ಶುರುವಾಯಿತು, ಗೋಡೆ ಇದ್ದ ಕಾಲದಲ್ಲಿ ಪೂರ್ವ ಜರ್ಮನಿಯವರು ಸಂಸಾರ ಸಮೇತ ಸಮುದ್ರದ ದಂಡೆಗೆ ಹೀಗೇ ಹೋಗುತ್ತಿದ್ದರು ಎಂದೆಲ್ಲ ಹೇಳಿದಳು. ಚರಿತ್ರೆ ಕೇಳಿದರೆ ಮುಜುಗರ ಹೋಗುವುದಿಲ್ಲ.

ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನೆನಪಾದದ್ದು ನನ್ನ ತವರು. ಅಂಕೋಲೆಯ ಕಡೆ, ಹಾಲಕ್ಕಿ ಒಕ್ಕಲಿಗರ ಕೇರಿಯ ಪಕ್ಕ. ರವಿಕೆ ತೊಡದೆ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹೇರಿಕೊಂಡ ಹೆಂಗಸರು ಸೊಪ್ಪಿನ ಹೊರೆ ಹೊತ್ತು ಸಂತೆಗೆ ಬರುತ್ತಿದ್ದರು. ನಾವು ಮಕ್ಕಳು ಅವರನ್ನು ದಿಟ್ಟಿಸಿದ ನೆನಪೇ ಇಲ್ಲ. ಆಮೇಲೆ ಶಾಲೆ ಬಂತು, ಬಸ್ಸು ಬಂತು, ನಾಚಿಕೆ ಬಂತು, ಅವರ ಮೊಮ್ಮಕ್ಕಳು ರವಿಕೆ ತೊಟ್ಟರು. 2021ರಲ್ಲಿ ಹಾಲಕ್ಕಿಯವರೇ ಆದ ತುಳಸಿ ಗೌಡ ಅದೇ ಉಡುಗೆಯಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದು ಪದ್ಮಶ್ರೀ ತೆಗೆದುಕೊಂಡಾಗ ಟೀವಿಯ ಮುಂದೆ ನನ್ನ ಕಣ್ಣು ತುಂಬಿತ್ತು. ಶಿರಸಿಯಿಂದ ಸ್ವಲ್ಪವೇ ದೂರದ ಸ್ವಾದಿಯಲ್ಲಿ ಜೈನ ಮಠವಿದೆ. ದಿಗಂಬರ ಮುನಿ ಬೀದಿಯಲ್ಲಿ ನಡೆದು ಬಂದರೆ ನಾವು ಕೈ ಮುಗಿಯುತ್ತೇವೆ. ಹಾಗಾದರೆ ನನಗೆ ತಡೆಯಲಾಗದ್ದು ಯಾವುದು? ಬೆತ್ತಲೆಯೋ, ಅಥವಾ ಬೆತ್ತಲೆ ಕೂತವನು ಏನನ್ನೂ ತ್ಯಾಗ ಮಾಡದೆ ಕಾಫಿ ಕುಡಿಯುತ್ತಿದ್ದದ್ದೋ? ಎರಡನೆಯದೇ ಇರಬೇಕು. ನಮ್ಮಲ್ಲಿ ನಿಯಮ ಮೀರಬೇಕಾದರೆ ಮೊದಲು ಸನ್ಯಾಸಿಯಾಗಬೇಕು, ಇಲ್ಲವೇ ಹುಚ್ಚನಾಗಬೇಕು. ಪೇಪರು ಓದುತ್ತಾ ಮೀರಲು ಬಿಡುವುದಿಲ್ಲ.

ಇಷ್ಟೆಲ್ಲ ಬಿಡುಬೀಸಿನ ಊರು ಎಂದುಕೊಂಡರೆ ಭಾನುವಾರ ಬಂತು. ಚಟ್ನಿಗೆ ಕಾಯಿ ತುರಿದು ಮಿಕ್ಸಿಗೆ ಹಾಕಿ ಗುಂಡಿಗೆ ಕೈ ಇಟ್ಟಿದ್ದೆ. ಬವೇರಿಯಾದ ಹುಡುಗ ಅರ್ಧ ತಿಂದ ಬ್ರೆಡ್ಡನ್ನು ಬಾಯಲ್ಲೇ ಇಟ್ಟುಕೊಂಡು ಎರಡೂ ಕೈ ಅಲ್ಲಾಡಿಸುತ್ತಾ ಬಂದ. ಭಾನುವಾರ ಸದ್ದು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಹಿಡಿಯುವಂತಿಲ್ಲ, ಖಾಲಿ ಗಾಜಿನ ಬಾಟ್ಲಿಗಳನ್ನು ಬೀದಿಯ ದೊಡ್ಡ ಡಬ್ಬಕ್ಕೆ ಹಾಕಿದರೂ ಕೆಳಗಿನ ಮನೆಯವರು ಬಂದು ಕೇಳುತ್ತಾರೆ. ಅಂಗಡಿಗಳು ಬಂದ್. ಇದು ಬರೀ ರೂಢಿಯೂ ಅಲ್ಲವಂತೆ. ಭಾನುವಾರವನ್ನು ವಿಶ್ರಾಂತಿಯ ದಿನವಾಗಿ ಕಾಪಾಡಬೇಕು ಎಂದು 1919ರ ವೈಮಾರ್ ಸಂವಿಧಾನದಲ್ಲಿ ಬರೆದದ್ದನ್ನು 1949ರ ಈಗಿನ ಸಂವಿಧಾನವೂ ಹಾಗೇ ಉಳಿಸಿಕೊಂಡಿದೆ. ಬೀದಿಯಲ್ಲಿ ಯಾರು ಯಾರನ್ನು ತಬ್ಬಿಕೊಂಡರೂ ಕೇಳದ ಊರು ವಾರಕ್ಕೊಂದು ದಿನ ಮಿಕ್ಸಿಗೆ ಬೀಗ ಹಾಕುತ್ತದೆ! ನನಗೆ ಖುಷಿಯಾಯಿತು. ಅಲ್ಲಿಯ ತನಕ ಪರಕೀಯವಾಗಿದ್ದ ಊರು ಆ ದಿನ ಸ್ವಲ್ಪ ಪರಿಚಯದ್ದಾಯಿತು. ಏಕಾದಶಿಗೆ ಮುಸುರೆ ಮುಟ್ಟದ ಮನೆಯಲ್ಲಿ ಬೆಳೆದವಳಿಗೆ ದಿನಕ್ಕೊಂದು ನಿಷೇಧ ಇರುವುದು ಗೊತ್ತಿರುವ ವಿಷಯ. ಆ ಕಾಯಿತುರಿಯನ್ನು ಹಾಗೇ ಪಲ್ಯಕ್ಕೆ ಹಾಕಿದೆ.

ಆ ಮೇಲೆ ಇಂಥವೇ ಕಣ್ಣಿಗೆ ಬೀಳತೊಡಗಿದವು. ರಾತ್ರಿ ಹನ್ನೊಂದಕ್ಕೆ, ನರಪಿಳ್ಳೆ ಇಲ್ಲದ ರಸ್ತೆಯ ಅಂಚಿನಲ್ಲಿ, ಮೂಗು ತುಟಿ ಹುಬ್ಬಿಗೆಲ್ಲ ರಿಂಗು ಚುಚ್ಚಿಕೊಂಡ ಹುಡುಗ ಕೆಂಪು ದೀಪ ಹಸಿರಾಗಲೆಂದು ಕಾಯುತ್ತಾ ನಿಂತಿದ್ದ. ಇನ್ನೊಂದು ಹಗಲು ಯಾರೋ ಪ್ರವಾಸಿಗ ಕೆಂಪು ದೀಪದಲ್ಲೇ ದಾಟಿದ್ದಕ್ಕೆ ಒಬ್ಬ ಅಜ್ಜಿ ಕೋಲೆತ್ತಿ ಗದರಿದಳು. ಏನಂತೆ ಎಂದು ಕೇಳಿದರೆ, "ಮಕ್ಕಳು ನೋಡ್ತಾ ಇದಾರೆ, ನಾಚಿಕೆ ಆಗಲ್ವಾ ಅಂತ" ಎಂದಳು ಮಗಳು. ನನ್ನ ಅತ್ತೆಯ ಮಾತೇ! ವಿಷಯ ಮಾತ್ರ ಬೇರೆ. ನಮ್ಮಲ್ಲಿ ಸಿಗ್ನಲ್ ಹಾರಿಸಿದವನನ್ನು ಯಾರೂ ಕೇಳುವುದಿಲ್ಲ, ಹುಡುಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡಿದ್ದರೆ ಅವಳು ಯಾರ ಮನೆಯವಳು ಎಂದು ಐದು ರಸ್ತೆಯ ತನಕ ವಿಚಾರಣೆ ನಡೆಯುತ್ತದೆ.

ಊಟದ ಮಾತು ಹೇಳದಿದ್ದರೆ ಹೆಂಗಸರು ಬಿಡುವುದಿಲ್ಲ. ಅವರ ರೈ ಬ್ರೆಡ್ಡು ನನಗೆ ಸೇರಿತು. ಹುಳಿ ಹಿಡಿಸಿ ಬೇಯಿಸಿದ ಕಪ್ಪು, ಗಟ್ಟಿ ಬ್ರೆಡ್ಡು. ಜಗಿದರೆ ತಿಂದ ಅನುಭವ ಆಗುತ್ತದೆ, ನಮ್ಮ ಬೇಕರಿಯ ಸಿಹಿ ಬ್ರೆಡ್ಡಿನ ಹಾಗಲ್ಲ. ರಾತ್ರಿ ಮಾತ್ರ ಅವರು ಒಲೆ ಹಚ್ಚುವುದೇ ಕಡಿಮೆ. ಬ್ರೆಡ್ಡು, ಚೀಸು, ಸೌತೆಕಾಯಿ, ಮುಗಿಯಿತು. ಅನ್ನ ಮಾಡುವ ನನ್ನನ್ನು ಪೋರ್ಚುಗಲ್ ಹುಡುಗಿ ಕರುಣೆಯಿಂದ ನೋಡುತ್ತಿದ್ದಳು. ತಂಬುಳಿಗೆ ಒಂದೆಲಗ ಎಲ್ಲಿಂದ ಬರಬೇಕು? ಕಾಲುವೆಯ ದಂಡೆಯ ಮಯ್‌ಬಾಖ್‌ಊಫರ್ ಎಂಬಲ್ಲಿ ಮಂಗಳವಾರ ಮತ್ತು ಶುಕ್ರವಾರ ತುರ್ಕಿ ಜನರ ಸಂತೆ. ಅಲ್ಲಿ ಪುದೀನ, ಕೊತ್ತಂಬರಿ ಕಟ್ಟುಕಟ್ಟು ಸಿಗುತ್ತದೆ, ಮೊಸರು ಬಕೆಟ್ಟಿನಲ್ಲೇ ಮಾರುತ್ತಾರೆ. ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕಿ ಸೊಪ್ಪು ಮಾರುತ್ತಿದ್ದಳು. ಪಶ್ಚಿಮ ಜರ್ಮನಿ 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆ ಕೆಲಸಕ್ಕೆ ಜನ ಕರೆಸಿಕೊಂಡಿತು; ಆಕೆಯ ಗಂಡ ಹಾಗೆ ಬಂದವನು, ಇವಳು ಹಳ್ಳಿಯಿಂದ ಮದುವೆಯಾಗಿ ಬಂದವಳು. ಮಗಳ ಬಾಯಿಯಿಂದ ಕೇಳಿಸಿದೆ: ಇಷ್ಟು ವರ್ಷ ಇಲ್ಲಿ ಹೇಗಿದ್ದೆ? ಮುದುಕಿ ನಕ್ಕು ಹೇಳಿದ್ದು: "ಅವರು ನನ್ನ ತಲೆಬಟ್ಟೆಗೆ ಹೊಂದಿಕೊಂಡರು, ನಾನು ಅವರ ಕಾಲಿಗೆ ಹೊಂದಿಕೊಂಡೆ." ಗಿಡ್ಡ ಚಡ್ಡಿಯ ಹುಡುಗಿಯೊಬ್ಬಳು ಅದೇ ಹೊತ್ತಿಗೆ ಪಾಲಕ್ ಆರಿಸುತ್ತಿದ್ದಳು. ನನ್ನ ಕಟ್ಟಿಗೆ ಇನ್ನೆರಡು ಪುದೀನ ಗರಿ ಸೇರಿಸಿ ಕೊಟ್ಟಳು ಮುದುಕಿ. ಆ ದಿನದ ತಂಬುಳಿ ಚೆನ್ನಾಗಿ ಬಂತು.

ಬೇಬೆಲ್‌ಪ್ಲಾಟ್ಸ್ ಎಂಬ ಚೌಕಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಲೈಬ್ರರಿಯವಳು ಎಂಬ ಕಾರಣಕ್ಕೆ. ನೆಲದಲ್ಲಿ ಒಂದು ಗಾಜಿನ ಚೌಕ, ಬೂಟುಗಳು ಉಜ್ಜಿ ಉಜ್ಜಿ ಮಸುಕಾದದ್ದು. ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಕೋಣೆ, ನಾಲ್ಕೂ ಗೋಡೆಗೆ ಬಿಳಿಯ ಖಾಲಿ ಕಪಾಟು. ಇಪ್ಪತ್ತು ಸಾವಿರ ಪುಸ್ತಕ ಹಿಡಿಯುವಷ್ಟು ಜಾಗ, ಒಂದೂ ಪುಸ್ತಕವಿಲ್ಲ. ಮಿಖಾ ಉಲ್‌ಮನ್ ಎಂಬ ಇಸ್ರೇಲಿ ಕಲಾವಿದ 1995ರಲ್ಲಿ ಮಾಡಿದ್ದು. 1933ರ ಮೇ 10ರ ರಾತ್ರಿ ನಾಜಿ ವಿದ್ಯಾರ್ಥಿಗಳು ಅಷ್ಟು ಪುಸ್ತಕಗಳನ್ನು ಅಲ್ಲೇ ಸುಟ್ಟರು. ಅದರಲ್ಲಿ ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರ ಸಂಸ್ಥೆಯ ಗ್ರಂಥಭಂಡಾರವೂ ಇತ್ತು. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಒಲಿಯುವುದು ರೋಗವಲ್ಲ, ಅಪರಾಧವೂ ಅಲ್ಲ ಎಂದು ವಾದಿಸಿ ಅವರು 1919ರಲ್ಲಿ ಬರ್ಲಿನ್ನಿನಲ್ಲಿ ಸಂಸ್ಥೆ ತೆರೆದಿದ್ದರು. 1931ರಲ್ಲಿ ಭಾರತಕ್ಕೂ ಬಂದುಹೋದವರು. ಸುಡುವ ಹೊತ್ತಿಗೆ ದೇಶದ ಹೊರಗಿದ್ದರು, ತಿರುಗಿ ಬರಲಾಗಲಿಲ್ಲ, 1935ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಭಾನುವಾರವನ್ನು ಕಾಪಾಡಿದ ಸಂವಿಧಾನವೂ ಈ ಸಂಸ್ಥೆಯೂ ಒಂದೇ ವರ್ಷದವು.

ನನ್ನ ನೌಕರಿಯ ಕಾಲದಲ್ಲಿ ನಾನೂ ಕೆಲವು ಪುಸ್ತಕಗಳನ್ನು ತೆರೆದ ಕಪಾಟಿನಲ್ಲಿ ಇಡದೆ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹದಿನೇಳರ ಮಕ್ಕಳ ಕೈಗೆ ಎಲ್ಲವೂ ಬೇಡ ಎಂಬುದು ಆಗಲೂ ನನ್ನ ಅಭಿಪ್ರಾಯ, ಈಗಲೂ ಅದೇ. ಕೇಳಿದ ಅಧ್ಯಾಪಕರಿಗೆ ಬೀಗ ತೆಗೆದು ಕೊಟ್ಟಿದ್ದೇನೆ. ಗಾಜಿನ ಮೇಲೆ ಬಗ್ಗಿ ನಿಂತಾಗ ಒಳಗಿನಿಂದ ಒಂದು ಪ್ರಶ್ನೆ ಎದ್ದಿದ್ದು ಹೌದು: ಬೆಂಕಿ ಹಚ್ಚಿದ ಆ ಹುಡುಗರು ಮೊದಲ ದಿನ ಎಲ್ಲಿಂದ ಶುರು ಮಾಡಿದ್ದಿರಬಹುದು? ಮಗಳು ಏನು ಯೋಚನೆ ಎಂದು ಕೇಳಿದಳು. ಸೊಂಟ ಹಿಡಿದಿದೆ ಎಂದೆ.

ಬವೇರಿಯಾದ ತಾಯಿ ಬಂದದ್ದು ಆಗಸ್ಟ್ ಕೊನೆಗೆ. ಹಳ್ಳಿಯ ಹೆಂಗಸು, ನನ್ನದೇ ವಯಸ್ಸು. ಕೊರಳಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ತಮ್ಮ ಹಿತ್ತಲ ಪ್ಲಮ್ ಹಣ್ಣಿನ ಬುಟ್ಟಿ. ಬಂದವಳೇ ಏಪ್ರನ್ ಕಟ್ಟಿ, ಮಗ ಉಜ್ಜಿಟ್ಟ ಒಲೆಯನ್ನು ಮತ್ತೊಮ್ಮೆ ಉಜ್ಜಿ, ಮೇಜಿಗೆ ಕೂತು ಹಣ್ಣು ಬಿಡಿಸತೊಡಗಿದಳು. ನಾನೂ ಚಾಕು ತೆಗೆದುಕೊಂಡೆ. ಹಲಸಿನ ಸೊಳೆ ಬಿಡಿಸಿದ ಕೈಗೆ ಪ್ಲಮ್ ಯಾವ ಲೆಕ್ಕ? ಉದ್ದಕ್ಕೆ ಒಂದು ಗೀರು, ಹೆಬ್ಬೆರಳಲ್ಲಿ ಒತ್ತಿದರೆ ಬೀಜ ಚಿಮ್ಮಿ ಬರುತ್ತದೆ. ಆಕೆ ನನ್ನ ಕರಿಮಣಿ ನೋಡಿದಳು, ನಾನು ಆಕೆಯ ಶಿಲುಬೆ ನೋಡಿದೆ. ಆ ಊರಿಗೆ ಹೋದ ಮೇಲೆ ನನ್ನನ್ನು ಸರಿಯಾಗಿ ದಿಟ್ಟಿಸಿ ನೋಡಿದವಳು ಅವಳೇ ಮೊದಲು. ಹಿತವೆನಿಸಿತು.

ನಡುವೆ ಮಗಳು ಕೂತು ಆಚೆಯದನ್ನು ಈಚೆಗೆ ಹೇಳುತ್ತಿದ್ದಳು. ದನ ಎಷ್ಟಿವೆ, ಮಳೆ ಹೇಗೆ, ಮಂಡಿನೋವಿಗೆ ಏನು ಮಾಡುತ್ತೀರಿ, ಇಂಥವು. ಬುಟ್ಟಿ ಅರ್ಧವಾದಾಗ ಆಕೆ ದನಿ ತಗ್ಗಿಸಿ ಏನೋ ಕೇಳಿದಳು. "ಮಗಳು ಇರುವ ಈ ಮನೆಯ ಬಗ್ಗೆ ನಿಮ್ಮೂರಿನಲ್ಲಿ ಏನು ಹೇಳುತ್ತೀ ಅಂತ ಕೇಳ್ತಾ ಇದಾರೆ."

ನಾನು ಹಣ್ಣು ಬಿಡಿಸುತ್ತಾ ಹೇಳಿದೆ, "ಲೇಡೀಸ್ ಹಾಸ್ಟೆಲ್ ಅಂತ."

ಮಗಳು ತಿರುಗಿ ನನ್ನ ಮುಖ ನೋಡಿದಳು. ಅದು ಅವಳಿಗೂ ಹೊಸ ಸುದ್ದಿ. ಒಂದು ಗಳಿಗೆ ಸುಮ್ಮನಿದ್ದು ಜರ್ಮನ್ನಿನಲ್ಲಿ ಹೇಳಿದಳು. ಆ ಹೆಂಗಸು ನಗಲಿಲ್ಲ, ತಲೆಯಾಡಿಸಿದಳು. ತನ್ನ ಹಳ್ಳಿಯಲ್ಲಿ ತಾನು ಮಗನ ಜೊತೆಗಿರುವವನು ಆಫೀಸಿನ ಗೆಳೆಯ ಎಂದು ಹೇಳುವುದಂತೆ. ಪ್ರತಿ ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರಿಗೂ ಒಂದೊಂದು ಮೊಂಬತ್ತಿ ಹಚ್ಚುತ್ತಾಳಂತೆ. ದೇವರಿಗೆ ಗೊತ್ತಿದೆ, ಪಾದ್ರಿಗೆ ಗೊತ್ತಿಲ್ಲ ಎಂದಳು.

ಅವಳ ಮಗನಂಥವರನ್ನು ಜೈಲಿಗೆ ಹಾಕುತ್ತಿದ್ದ 175ನೇ ಕಲಮನ್ನು ಪಶ್ಚಿಮ ಜರ್ಮನಿ 1969ರಲ್ಲಿ ಸಡಿಲಿಸಿತು, ಪುಸ್ತಕದಿಂದಲೇ ಕಿತ್ತದ್ದು 1994ರಲ್ಲಿ. 2017ರ ಅಕ್ಟೋಬರಿನಿಂದ ಅಂಥವರ ಮದುವೆಗೂ ಕಾನೂನು ಇದೆ. ಬ್ರಿಟಿಷರು 1860ರಲ್ಲಿ ನಮಗೆ ಬರೆದುಕೊಟ್ಟ 377ನೇ ಕಲಮಿನ ಆ ಭಾಗವನ್ನು ನಮ್ಮ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2018ರಲ್ಲಿ, ಮದುವೆಯ ಹಕ್ಕು ಕೇಳಿದವರಿಗೆ 2023ರಲ್ಲಿ ಆಗದು ಎಂದಿತು. ಕಾನೂನು ಬಂದು ಇಷ್ಟು ವರ್ಷವಾದರೂ ಬವೇರಿಯಾದ ಹಳ್ಳಿಗೆ ಸುದ್ದಿ ಮುಟ್ಟಿಲ್ಲ ಎಂಬುದು ನನಗೆ ಸಮಾಧಾನ ಕೊಟ್ಟಿತೋ ಬೇಸರ ತಂದಿತೋ ಹೇಳಲಾರೆ. ನನ್ನ ನಂಬಿಕೆ ಬದಲಾಗಿಲ್ಲ. ಮದುವೆ ಎಂದರೆ ನನ್ನ ಮನಸ್ಸಿಗೆ ಬರುವ ಚಿತ್ರ ಮೊದಲಿನದೇ. ಆದರೆ ಸಂಜೆ ಪ್ಲಮ್ ಕೇಕು ಒಲೆಯಿಂದ ಹೊರಬಂದಾಗ ಆ ತಾಯಿ ಮೊದಲ ತುಂಡನ್ನು, ಮೇಲಿನ ಗರಿಗರಿ ಹೆಚ್ಚಾಗಿ ಬಿದ್ದಿದ್ದ ಮೂಲೆಯದನ್ನು, ಮಗನಿಗೆ ಕೊಡಲಿಲ್ಲ, ಆ ಜೊತೆಗಾರನ ತಟ್ಟೆಗೆ ಹಾಕಿದಳು. ಅಳಿಯನಿಗೆ ಬಡಿಸುವ ಕೈ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವತ್ತು ರಾತ್ರಿ ಮಗಳು ಹಾಸ್ಟೆಲಿನ ಮಾತೆತ್ತಲಿಲ್ಲ. ಬೇರೆಯದನ್ನು ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ದಿನಗಟ್ಟಲೆ ಮಲಗಿದ್ದಳಂತೆ, ನಮಗೆ ತಿಳಿಸಿರಲಿಲ್ಲ. ಆ ಹುಡುಗರು ದಿನಾ ಬಾಗಿಲ ಹೊರಗೆ ಸೂಪಿನ ಬಟ್ಟಲಿಟ್ಟು ಎರಡು ಸಲ ತಟ್ಟಿ ಹೋಗುತ್ತಿದ್ದರು. ಒಳಗೆ ಬರಲಿಲ್ಲವೇ ಎಂದೆ. ಬಾಗಿಲು ಮುಚ್ಚಿತ್ತಲ್ಲ ಆಯಿ, ಮುಚ್ಚಿದ ಬಾಗಿಲನ್ನು ಇಲ್ಲಿ ತೆಗೆಯುವುದಿಲ್ಲ ಎಂದಳು. ನನಗೆ ಶಿರಸಿಯಲ್ಲಿ ಜ್ವರ ಬಂದರೆ ನಮ್ಮನೆಯವರಿಗೆ ಗೊತ್ತಾಗುವ ಮೊದಲು ಪಕ್ಕದ ಮನೆಯಾಕೆ ಗಂಜಿ ಹಿಡಿದು ಹಾಸಿಗೆಯ ತನಕ ಬಂದಿರುತ್ತಾಳೆ. ಸ್ಕೂಟಿಯಲ್ಲಿ ನಾನು ಯಾರ ಜೊತೆ ಹೋದೆ ಎಂದು ಲೆಕ್ಕ ಇಡುವವಳೂ ಅವಳೇ. ಗಂಜಿ ಬೇಕು, ಲೆಕ್ಕ ಬೇಡ ಎಂದರೆ ನಮ್ಮೂರಲ್ಲಿ ನಡೆಯುವುದಿಲ್ಲ. ಅಲ್ಲಿ ಲೆಕ್ಕವಿಲ್ಲ, ಸೂಪು ಹೊಸ್ತಿಲ ತನಕ.

ತಿರುಗಿ ಬಂದು ಎಷ್ಟೋ ಕಾಲವಾದರೂ ಆ ಅಡುಗೆಮನೆಯ ಮೇಜು ತಲೆಯಿಂದ ಹೋಗಿಲ್ಲ. ಊರಿನವರು ಕೇಳುತ್ತಾರೆ. ಮೊದಮೊದಲು ಬ್ರೆಡ್ಡಿನ ಕಥೆ, ಭಾನುವಾರದ ಮಿಕ್ಸಿಯ ಕಥೆ ಹೇಳಿ ಸಾಗಹಾಕಿದೆ. ಒಂದು ಉಪನಯನದ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಓರಗಿತ್ತಿ ಹಾಸ್ಟೆಲಿನಲ್ಲಿ ಊಟ ಹೇಗೆ ಎಂದು ಕೇಳಿದಳು. ಹಾಸ್ಟೆಲಲ್ಲ, ನಾಲ್ಕು ಜನ ಸೇರಿ ಹಿಡಿದ ಮನೆ, ಇಬ್ಬರು ಗಂಡುಮಕ್ಕಳು ಎಂದೆ. ಸಾಲಿನಲ್ಲಿ ಮೂರು ಎಲೆಗಳ ತನಕ ಮಾತು ನಿಂತಿತು. ಕೊನೆಗೆ ಒಬ್ಬ ಅಜ್ಜಿ ಕೇಳಿದ್ದು, "ಅಡಿಗೆ ಯಾರು ಮಾಡ್ತ?" ಪಾಳಿ ಎಂದೆ. ಗಂಡುಮಕ್ಕಳೂ ಮಾಡುತ್ತಾರೆಯೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಬೆನ್ನ ಹಿಂದೆ ಏನು ಆಡಿಕೊಂಡರು ಎಂಬುದೂ ನನ್ನ ಕಿವಿಗೆ ಬಂದಿದೆ, ಇಲ್ಲಿ ಬೇಡ.

ಬಂದು ತನ್ನ ಜೊತೆಯಲ್ಲೇ ಇದ್ದುಬಿಡಿ ಎಂದು ಮಗಳು ಈಗ ಕರೆಯುತ್ತಿದ್ದಾಳೆ. ನಾನು ಒಲ್ಲೆ. ನನಗೆ ನೋಡುವ ಜನ ಬೇಕು, ಹೇಳದೆ ಕೇಳದೆ ಒಳಗೆ ಬರುವ ನೆರೆಮನೆ ಬೇಕು, ಅದರ ಕಿರಿಕಿರಿಯೂ ಇರಲಿ. ಅವಳು ಮಾತ್ರ ಅಲ್ಲೇ ಇರಲಿ. ಅವಳಿಗೆ ಅದು ಒಳ್ಳೆಯ ಊರು.